ಕಳ್ಳಭಟ್ಟಿಯ ವಿಷ: ಹುಟ್ಟುವುದೆಲ್ಲಿ, ಕೊಲ್ಲುವುದು ಹೇಗೆ?

1981ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಅಗ್ಗದ ಮದ್ಯ ಸೇವಿಸಿದ 300ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. 2008ರ ಮೇ ತಿಂಗಳಿನಲ್ಲಿ ಬೆಂಗಳೂರು, ಕೋಲಾರ ಹಾಗೂ ಗಡಿಯಾಚೆಯ ತಮಿಳುನಾಡಿನ ಕೃಷ್ಣಗಿರಿ ಭಾಗದಲ್ಲಿ ಅದೇ ದುರಂತ ಮರುಕಳಿಸಿ 150ಕ್ಕೂ ಹೆಚ್ಚು ಮಂದಿ ಸತ್ತರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಕುಟುಂಬಗಳು ತಮ್ಮವರನ್ನು ಕಳೆದುಕೊಂಡವು. ಬದುಕುಳಿದವರಲ್ಲಿ ಕೆಲವರ ಕಣ್ಣು ಶಾಶ್ವತವಾಗಿ ಕತ್ತಲಾಯಿತು.

ಪ್ರತಿ ಸಲವೂ ಈ ಘಟನೆಗಳನ್ನು 'ಕಳ್ಳಭಟ್ಟಿ ದುರಂತ' ಎಂಬ ಒಂದೇ ಹೆಸರಿನಿಂದ ಕರೆಯುವುದು ವಾಡಿಕೆ. ಆದರೆ ಈ ಹೆಸರು ಓದುಗರನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಬೆಲ್ಲದ ಕೊಳೆಯನ್ನು ಕಾಯಿಸಿ ಇಳಿಸಿದ ಸಾರಾಯಿ ಒಂದು ಬಗೆಯ ಅಪಾಯ. ಅದಕ್ಕೆ ಕಾರ್ಖಾನೆಯ ದ್ರಾವಣವನ್ನು ಬೆರೆಸಿ ಮಾರುವುದು ಮತ್ತೊಂದು ಬಗೆಯ ಅಪಾಯ. ಮೊದಲನೆಯದು ವರ್ಷಗಟ್ಟಲೆ ಒಳಗೊಳಗೇ ದೇಹವನ್ನು ಸವೆಸುತ್ತದೆ. ಎರಡನೆಯದು ಒಂದೇ ರಾತ್ರಿಯಲ್ಲಿ ಒಂದು ಕೇರಿಯನ್ನೇ ಸ್ಮಶಾನವಾಗಿಸುತ್ತದೆ. ಈ ವ್ಯತ್ಯಾಸ ತಿಳಿಯದೆ ಹೋದರೆ ಎಚ್ಚರಿಕೆಯೂ ಸರಿಯಾದ ಸ್ಥಳಕ್ಕೆ ತಲುಪುವುದಿಲ್ಲ, ಚಿಕಿತ್ಸೆಯೂ ಸಕಾಲಕ್ಕೆ ಸಿಗುವುದಿಲ್ಲ.

ಅಷ್ಟಕ್ಕೂ ಈ ಮದ್ಯದಲ್ಲಿ ಇರುವ ವಿಷಗಳಾದರೂ ಯಾವುವು? ಅವು ಎಲ್ಲಿಂದ ಬಂದು ಸೇರುತ್ತವೆ? ಕುಡಿದವರನ್ನು ಉಳಿಸಿಕೊಳ್ಳಲು ಎಷ್ಟು ಹೊತ್ತಿನ ಅವಕಾಶವಿರುತ್ತದೆ?

ಹೆಸರು ಒಂದೇ, ಗುಣ ಬೇರೆ

ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಆಲ್ಕೋಹಾಲ್ ಎಂಬುದು ಒಂದು ವಸ್ತುವಲ್ಲ, ಒಂದು ಕುಟುಂಬ. ಮನುಷ್ಯರು ಸಾವಿರಾರು ವರ್ಷಗಳಿಂದ ಕುಡಿಯುತ್ತಾ ಬಂದಿರುವುದು ಈಥೈಲ್ ಆಲ್ಕೋಹಾಲ್ ಅಥವಾ ಎಥನಾಲ್. ಅದರ ಹತ್ತಿರದ ದಾಯಾದಿಯೇ ಮಿಥೈಲ್ ಆಲ್ಕೋಹಾಲ್ ಅಥವಾ ಮೆಥನಾಲ್. ಎರಡೂ ನೀರಿನಂತೆ ತಿಳಿಯಾದ ದ್ರವಗಳು. ಎರಡೂ ನೀರಿನಲ್ಲಿ ಸಂಪೂರ್ಣ ಬೆರೆಯುತ್ತವೆ. ವಾಸನೆಯಲ್ಲಿಯೂ ಸಾಮಾನ್ಯರು ಗುರುತಿಸಬಲ್ಲಷ್ಟು ವ್ಯತ್ಯಾಸವಿಲ್ಲ. ಎರಡೂ ಅಮಲೇರಿಸುತ್ತವೆ.

ಎಥನಾಲ್ ಸಹ ನಿರಪಾಯಕಾರಿಯಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ಮದ್ಯಪಾನೀಯಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಆದರೆ ಎಥನಾಲ್ ಯಕೃತ್ತನ್ನು ಹಾಳುಮಾಡಲು ಸಾಮಾನ್ಯವಾಗಿ ವರ್ಷಗಳನ್ನೇ ತೆಗೆದುಕೊಳ್ಳುತ್ತದೆ. ಮೆಥನಾಲ್‌ಗೆ ಒಂದು ಹಗಲು, ಒಂದು ರಾತ್ರಿ ಸಾಕು. ಶುದ್ಧ ಮೆಥನಾಲ್ ಸುಮಾರು 10 ಮಿ.ಲೀ.ನಷ್ಟು, ಅಂದರೆ ಎರಡು ಚಹಾ ಚಮಚದಷ್ಟು, ದೇಹ ಸೇರಿದರೂ ದೃಷ್ಟಿ ಹೋಗಬಹುದು. 30 ಮಿ.ಲೀ.ನಷ್ಟು ಪ್ರಾಣಕ್ಕೇ ಎರವಾಗಬಹುದು ಎನ್ನುತ್ತದೆ ವೈದ್ಯಶಾಸ್ತ್ರ.

ಭಟ್ಟಿಯಲ್ಲೇ ಹುಟ್ಟುವ ಮೆಥನಾಲ್ ಎಷ್ಟು?

ಹಣ್ಣುಗಳ ಸಿಪ್ಪೆ ಮತ್ತು ತಿರುಳಿನಲ್ಲಿ ಪೆಕ್ಟಿನ್ ಎಂಬ ಅಂಟು ಪದಾರ್ಥವಿದೆ. ಜಾಮ್ ಗಟ್ಟಿಯಾಗುವುದು ಇದರಿಂದಲೇ. ಹುದುಗು ಬರುವಾಗ ಕಿಣ್ವಗಳ ಪ್ರಭಾವದಿಂದ ಪೆಕ್ಟಿನ್ ಒಡೆದು ಅಲ್ಪ ಪ್ರಮಾಣದ ಮೆಥನಾಲ್ ಬಿಡುಗಡೆಯಾಗುತ್ತದೆ. ಆದ್ದರಿಂದ ದ್ರಾಕ್ಷಿ, ಪ್ಲಮ್, ಸೇಬು ಮುಂತಾದ ಹಣ್ಣುಗಳಿಂದ ಇಳಿಸಿದ ಮದ್ಯದಲ್ಲಿ ಮೆಥನಾಲ್ ಸ್ವಲ್ಪ ಹೆಚ್ಚಿರುತ್ತದೆ. ಬೆಲ್ಲ, ಸಕ್ಕರೆ, ಅಕ್ಕಿ, ರಾಗಿಯಂಥ ಪದಾರ್ಥಗಳಲ್ಲಿ ಪೆಕ್ಟಿನ್ ತೀರಾ ಕಡಿಮೆ. ಹೀಗಾಗಿ ಅವುಗಳ ಹುದುಗಿನಲ್ಲಿ ಮೆಥನಾಲ್ ಉತ್ಪತ್ತಿ ನಗಣ್ಯ.

ಹಣ್ಣಿನ ಮದ್ಯದಲ್ಲಿ ಇರುವುದಾದರೂ ಎಷ್ಟು? ಯುರೋಪ್ ಒಕ್ಕೂಟದ ನಿಯಮದ ಪ್ರಕಾರ ಸಾಮಾನ್ಯವಾಗಿ ಹಣ್ಣಿನ ಮದ್ಯದ 100 ಲೀಟರ್ ಶುದ್ಧ ಆಲ್ಕೋಹಾಲಿಗೆ 1,000 ಗ್ರಾಂ ಮೆಥನಾಲ್ ಗರಿಷ್ಠ ಮಿತಿ. ಶೇ 40ರಷ್ಟು ಆಲ್ಕೋಹಾಲ್ ಇರುವ ಒಂದು ಲೀಟರ್ ಮದ್ಯದಲ್ಲಿ ಇದು ಹೆಚ್ಚೆಂದರೆ 4 ಗ್ರಾಂ ಆಗುತ್ತದೆ. 10 ಮಿ.ಲೀ. ಮೆಥನಾಲ್ ಎಂದರೆ ಸುಮಾರು 8 ಗ್ರಾಂ. ಅಷ್ಟು ಮೆಥನಾಲ್ ದೇಹ ಸೇರಬೇಕಾದರೆ ಇಂಥ ಮದ್ಯವನ್ನು ಎರಡು ಲೀಟರ್ ಕುಡಿಯಬೇಕು. ಆ ವೇಳೆಗೆ 800 ಮಿ.ಲೀ. ಎಥನಾಲ್ ಕೂಡ ದೇಹ ಸೇರಿರುತ್ತದೆ. ಮನುಷ್ಯ ಮೆಥನಾಲಿಗಿಂತ ಮೊದಲು ಎಥನಾಲಿನಿಂದಲೇ ಸಾಯುತ್ತಾನೆ.

ಈ ಲೆಕ್ಕದಿಂದ ಹೊರಡುವ ತೀರ್ಮಾನ ಸ್ಪಷ್ಟ. ಬೆಲ್ಲದ ಕೊಳೆಯಿಂದ ಇಳಿಸಿದ ಸಾರಾಯಿ ತಾನಾಗಿಯೇ ನೂರಾರು ಜನರನ್ನು ಒಂದೇ ದಿನ ಕೊಲ್ಲುವಷ್ಟು ಮೆಥನಾಲನ್ನು ಉತ್ಪಾದಿಸಲಾರದು. ಸಾಮೂಹಿಕ ಸಾವು ಸಂಭವಿಸಿದೆ ಎಂದರೆ ಮೆಥನಾಲ್ ಹೊರಗಿನಿಂದ ಬಂದಿದೆ ಎಂದೇ ಅರ್ಥ.

ಡ್ರಮ್ಮಿನಿಂದ ಬರುವ ಸಾವು

ಮೆಥನಾಲ್ ಕೈಗಾರಿಕೆಗಳಿಗೆ ಬೇಕೇಬೇಕಾದ ರಾಸಾಯನಿಕ. ಬಣ್ಣ, ವಾರ್ನಿಷ್, ಪ್ಲೈವುಡ್ ಅಂಟು, ಫಾರ್ಮಾಲ್ಡಿಹೈಡ್ ತಯಾರಿಕೆ, ಔಷಧ ತಯಾರಿಕೆ ಹೀಗೆ ಅದರ ಬಳಕೆ ವ್ಯಾಪಕ. ಟ್ಯಾಂಕರುಗಳಲ್ಲಿ, ಡ್ರಮ್ಮುಗಳಲ್ಲಿ ಅದು ಊರಿಂದೂರಿಗೆ ಸಾಗುತ್ತದೆ. ಕುಡಿಯುವ ಮದ್ಯದ ಮೇಲೆ ರಾಜ್ಯಗಳು ಭಾರಿ ಅಬಕಾರಿ ಸುಂಕ ವಿಧಿಸುತ್ತವೆ. ಮೆಥನಾಲ್ ಮೇಲೆ ಅಂಥ ಹೊರೆ ಇಲ್ಲ. ಈ ಬೆಲೆಯ ಅಂತರವೇ ಕಲಬೆರಕೆದಾರನ ಬಂಡವಾಳ.

ಬೆಲ್ಲ ಕೊಂಡು, ವಾರಗಟ್ಟಲೆ ಕೊಳೆ ಹಾಕಿ, ಸೌದೆ ಉರಿಸಿ, ಹೊಗೆ ಕಂಡು ಬರುವ ಅಬಕಾರಿ ಸಿಬ್ಬಂದಿಯ ಕಣ್ಣು ತಪ್ಪಿಸಿ ಸಾರಾಯಿ ಇಳಿಸುವುದಕ್ಕಿಂತ ಕಳ್ಳದಾರಿಯಲ್ಲಿ ಬಂದ ಡ್ರಮ್ಮಿನ ದ್ರವಕ್ಕೆ ನೀರು ಬೆರೆಸುವುದು ಸುಲಭ. ಹಾಗೆ ಬೆರೆಸುವವನಿಗೆ ಕೈಯಲ್ಲಿರುವುದು ಎಥನಾಲೋ ಮೆಥನಾಲೋ ಎಂಬುದು ತಿಳಿದಿರುವುದಿಲ್ಲ, ಅಥವಾ ತಿಳಿದೂ ಲೆಕ್ಕಿಸುವುದಿಲ್ಲ. 180 ಮಿ.ಲೀ.ನ ಒಂದು ಕ್ವಾರ್ಟರಿನಲ್ಲಿ ಐದನೇ ಒಂದು ಪಾಲು ಮೆಥನಾಲ್ ಇದ್ದರೆ ಅದು 36 ಮಿ.ಲೀ. ಆಗುತ್ತದೆ. ಪ್ರಾಣ ತೆಗೆಯಲು ಅಷ್ಟು ಸಾಕು.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧ ಜಾರಿಗೆ ಬಂತು. ವರ್ಷ ತುಂಬುವ ಮೊದಲೇ 2008ರ ದುರಂತ ಸಂಭವಿಸಿದ್ದರಿಂದ ಎರಡಕ್ಕೂ ನಂಟಿದೆ ಎಂಬ ವಾದ ಆಗ ಬಲವಾಗಿ ಕೇಳಿಬಂತು. ಆದರೆ 1981ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಿರಲಿಲ್ಲ. ಪಾನನಿಷೇಧವಿರುವ ಗುಜರಾತ್ ಮತ್ತು ಬಿಹಾರಗಳಲ್ಲಿ ಸಾವು ಸಂಭವಿಸಿದೆ. ಸರ್ಕಾರವೇ ಮದ್ಯದಂಗಡಿ ನಡೆಸುವ ತಮಿಳುನಾಡಿನಲ್ಲಿಯೂ ಸಂಭವಿಸಿದೆ. ನಿಷೇಧವಿರಲಿ ಇಲ್ಲದಿರಲಿ, ಎಲ್ಲ ಕಡೆಯೂ ಸಾಮಾನ್ಯವಾಗಿ ಕಾಣುವುದು ಒಂದೇ: ಕೂಲಿಯವನ ಜೇಬಿಗೆ ನಿಲುಕುವ ಬೆಲೆಗೆ ಸಿಗುವ, ಮೂಲ ಯಾವುದೆಂದು ತಿಳಿಯದ ಮದ್ಯ.

ದೇಹದೊಳಗೆ ನಡೆಯುವುದೇನು?

ಮೆಥನಾಲ್ ತನ್ನಷ್ಟಕ್ಕೆ ತಾನು ತೀವ್ರ ವಿಷವಲ್ಲ. ನಮ್ಮ ಯಕೃತ್ತೇ ಅದನ್ನು ವಿಷವಾಗಿ ಪರಿವರ್ತಿಸುತ್ತದೆ. ಎಥನಾಲನ್ನು ಒಡೆಯುವ ಕಿಣ್ವವೇ ಮೆಥನಾಲನ್ನೂ ಒಡೆದು ಫಾರ್ಮಾಲ್ಡಿಹೈಡ್ ಮಾಡುತ್ತದೆ. ಶವಗಳನ್ನು ಕೆಡದಂತೆ ಇಡಲು ಬಳಸುವ ಫಾರ್ಮಲಿನ್ ದ್ರಾವಣದಲ್ಲಿ ಇರುವುದು ಇದೇ ರಾಸಾಯನಿಕ. ಕೆಲವೇ ನಿಮಿಷಗಳಲ್ಲಿ ಫಾರ್ಮಾಲ್ಡಿಹೈಡ್ ಫಾರ್ಮಿಕ್ ಆಮ್ಲವಾಗುತ್ತದೆ. ಕೆಲವು ಜಾತಿಯ ಇರುವೆಗಳು ಕಚ್ಚಿದಾಗ ಉರಿ ಹುಟ್ಟಿಸುವ ಆಮ್ಲವಿದು.

ಫಾರ್ಮಿಕ್ ಆಮ್ಲವನ್ನು ಹೊರಹಾಕುವ ಸಾಮರ್ಥ್ಯ ಮನುಷ್ಯದೇಹಕ್ಕೆ ಬಹಳ ಕಡಿಮೆ. ಅದು ರಕ್ತದಲ್ಲಿ ಸಂಗ್ರಹವಾಗುತ್ತಾ ರಕ್ತವನ್ನು ಆಮ್ಲೀಯಗೊಳಿಸುತ್ತದೆ. ಜೊತೆಗೆ ಜೀವಕೋಶಗಳು ಆಮ್ಲಜನಕವನ್ನು ಬಳಸಿ ಶಕ್ತಿ ಉತ್ಪಾದಿಸುವ ವ್ಯವಸ್ಥೆಯನ್ನೇ ತಡೆಯುತ್ತದೆ. ಉಸಿರಾಟ ನಡೆಯುತ್ತಿರುತ್ತದೆ, ರಕ್ತದಲ್ಲಿ ಆಮ್ಲಜನಕವೂ ಇರುತ್ತದೆ. ಆದರೆ ಜೀವಕೋಶ ಅದನ್ನು ಬಳಸಿಕೊಳ್ಳಲಾರದೆ ಉಸಿರುಗಟ್ಟುತ್ತದೆ. ಹೆಚ್ಚು ಶಕ್ತಿ ಬೇಡುವ ದೃಷ್ಟಿನರ ಮತ್ತು ಮೆದುಳಿನ ಆಳದ ಭಾಗಗಳು ಮೊದಲು ಬಲಿಯಾಗುತ್ತವೆ. ಕುರುಡುತನಕ್ಕೆ ಕಾರಣ ಇದೇ. ಬದುಕುಳಿದ ಕೆಲವರಲ್ಲಿ ಕೈಕಾಲು ನಡುಗುವ, ಬಿಗಿಯುವ ತೊಂದರೆಗಳು ಉಳಿದುಬಿಡುವುದೂ ಇದರಿಂದಲೇ.

ಈ ಪರಿವರ್ತನೆಗೆ ಸಮಯ ಹಿಡಿಯುತ್ತದೆ. ಕುಡಿದ ರಾತ್ರಿ ಸಾಮಾನ್ಯ ಅಮಲಷ್ಟೇ ಕಾಣುತ್ತದೆ. ಸಾಮಾನ್ಯವಾಗಿ 12ರಿಂದ 24 ಗಂಟೆಗಳ ನಂತರ ತಲೆನೋವು, ವಾಂತಿ, ಸಹಿಸಲಾಗದ ಹೊಟ್ಟೆನೋವು, ತಲೆಸುತ್ತು ಆರಂಭವಾಗುತ್ತವೆ. ಕಣ್ಣು ಮಂಜಾಗುತ್ತದೆ. ಮಂಜು ಸುರಿಯುವ ಬಯಲಿನಲ್ಲಿ ನಿಂತಂತೆ ಎಲ್ಲವೂ ಬಿಳಿಯಾಗಿ ಕಾಣುತ್ತದೆ ಎಂದು ರೋಗಿಗಳು ವರ್ಣಿಸುವುದುಂಟು. ಆಮ್ಲವನ್ನು ಹೊರಹಾಕಲು ದೇಹ ಹೆಣಗುವುದರಿಂದ ಉಸಿರು ಆಳವಾಗಿ, ವೇಗವಾಗಿ ಏರಿಳಿಯುತ್ತದೆ. ಆನಂತರ ಸೆಳವು, ಪ್ರಜ್ಞೆ ತಪ್ಪುವಿಕೆ ಮತ್ತು ಸಾವು.

ಮೆಥನಾಲಿನ ಜೊತೆಗೆ ಎಥನಾಲನ್ನೂ ಕುಡಿದಿದ್ದರೆ ಲಕ್ಷಣಗಳು ಇನ್ನೂ ತಡವಾಗಿ ಕಾಣಿಸುತ್ತವೆ. ಪಕ್ಕದ ಮನೆಯವನು ಸತ್ತ ಸುದ್ದಿ ಕೇಳಿಯೂ 'ನನಗೇನೂ ಆಗಿಲ್ಲ' ಎಂದು ಮನೆಯಲ್ಲೇ ಉಳಿದವನು ಮರುದಿನ ಕುಸಿಯುವುದು ಇದೇ ಕಾರಣದಿಂದ.

ಕೈಜಾರುವ ಗಂಟೆಗಳು

ತಡವಾಗಿ ಕೆಲಸ ಮಾಡುವ ವಿಷದಲ್ಲಿ ಒಂದು ಅನುಕೂಲವೂ ಇದೆ. ಮೆಥನಾಲ್ ಆಮ್ಲವಾಗಿ ಪರಿವರ್ತನೆಯಾಗುವ ಮೊದಲೇ ತಡೆಯುವ ಅವಕಾಶ ವೈದ್ಯರಿಗಿರುತ್ತದೆ. ಯಕೃತ್ತಿನ ಕಿಣ್ವಕ್ಕೆ ಮೆಥನಾಲಿಗಿಂತ ಎಥನಾಲ್ ಮೇಲೆ ಹತ್ತು ಪಟ್ಟಿಗೂ ಹೆಚ್ಚು ಒಲವು. ಎಥನಾಲ್ ಇರುವವರೆಗೆ ಅದು ಮೆಥನಾಲನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ಆದ್ದರಿಂದ ಆಸ್ಪತ್ರೆಯಲ್ಲಿ ನಿಯಂತ್ರಿತ ಪ್ರಮಾಣದಲ್ಲಿ ಎಥನಾಲನ್ನೇ ಪ್ರತಿವಿಷವಾಗಿ ನೀಡಲಾಗುತ್ತದೆ. ಅದೇ ಕೆಲಸವನ್ನು ಹೆಚ್ಚು ಸುರಕ್ಷಿತವಾಗಿ ಮಾಡುವ ಫೋಮೆಪಿಜೋಲ್ ಎಂಬ ಔಷಧವನ್ನು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ರಕ್ತದ ಆಮ್ಲೀಯತೆಯನ್ನು ತಗ್ಗಿಸಲು ಸೋಡಿಯಂ ಬೈಕಾರ್ಬೊನೇಟ್, ಫಾರ್ಮಿಕ್ ಆಮ್ಲ ಬೇಗ ಒಡೆಯಲು ಫೋಲಿನಿಕ್ ಆಮ್ಲ ಕೊಡುತ್ತಾರೆ. ತೀವ್ರ ಸ್ಥಿತಿಯಲ್ಲಿ ಡಯಾಲಿಸಿಸ್ ಮೂಲಕ ಮೆಥನಾಲನ್ನೂ ಆಮ್ಲವನ್ನೂ ರಕ್ತದಿಂದ ತೆಗೆಯುತ್ತಾರೆ.

ಹಾಗಿದ್ದೂ ಸಾವುಗಳೇಕೆ? ಹೆಚ್ಚಿನ ಪ್ರಕರಣಗಳಲ್ಲಿ ಈ ಗಂಟೆಗಳು ಮನೆಯಲ್ಲೇ ಕಳೆದುಹೋಗುತ್ತವೆ. ಅಮಲು ಇಳಿದಿಲ್ಲವೆಂದು ಮಜ್ಜಿಗೆಯನ್ನೋ ನಿಂಬೆಹಣ್ಣಿನ ಪಾನಕವನ್ನೋ ಕುಡಿಸಿ ಮಲಗಿಸುತ್ತಾರೆ. ಹೊಟ್ಟೆನೋವನ್ನು ಅಜೀರ್ಣವೆಂದು ಭಾವಿಸುತ್ತಾರೆ. ಪೊಲೀಸರು ಬಂದಾರೆಂಬ ಭಯದಿಂದ ಕುಡಿದ ವಿಷಯವನ್ನೇ ಮುಚ್ಚಿಡುತ್ತಾರೆ. ವೈದ್ಯರಿಗೆ ನಿಜ ಹೇಳದಿದ್ದರೆ ಮೆಥನಾಲಿನ ಸಂಶಯ ಬರುವುದೇ ತಡವಾಗುತ್ತದೆ. ರಕ್ತದಲ್ಲಿನ ಮೆಥನಾಲ್ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಫಿ ಯಂತ್ರ ಎಲ್ಲ ಆಸ್ಪತ್ರೆಗಳಲ್ಲಿಯೂ ಇರುವುದಿಲ್ಲ. ಆದ್ದರಿಂದ ರೋಗಿಯ ಕಡೆಯವರು ಹೇಳುವ ಒಂದು ಮಾತೇ ಇಲ್ಲಿ ಮೊದಲ ಪರೀಕ್ಷೆ.

ಕಾನೂನಿನ ಭಯದಿಂದ ಆಸ್ಪತ್ರೆಗೆ ಹೋಗದಿರುವುದು ಅನವಶ್ಯಕ. ಪೊಲೀಸ್ ಪ್ರಕರಣವೆಂಬ ಕಾರಣಕ್ಕೆ ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ, ಜೀವ ಉಳಿಸುವುದೇ ವೈದ್ಯರ ಮೊದಲ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಸರ್ಕಾರಿ ಆಸ್ಪತ್ರೆಗೂ ಖಾಸಗಿ ಆಸ್ಪತ್ರೆಗೂ ಇದು ಅನ್ವಯ.

ಪಾತ್ರೆಯಿಂದ ಇಳಿಯುವ ಸೀಸ

ಇನ್ನು ಸದ್ದಿಲ್ಲದ ವಿಷಗಳ ವಿಚಾರ. ಕಲಬೆರಕೆಯೇ ಇಲ್ಲದ ಮನೆಸಾರಾಯಿಯಲ್ಲಿಯೂ ಇವು ಇರಬಹುದು. ಹುದುಗು ಬಂದ ದ್ರವ ಆಮ್ಲೀಯವಾಗಿರುತ್ತದೆ. ಅದರ ಬಿಸಿ ಆವಿ ಹಾಯುವ ಕೊಳವೆಯಲ್ಲಿ, ಬೆಸುಗೆಯಲ್ಲಿ ಸೀಸವಿದ್ದರೆ ಅದು ಕರಗಿ ಹನಿಯೊಂದಿಗೆ ಸೇರುತ್ತದೆ.

ಈ ಅಪಾಯ ಹೊಸದಲ್ಲ. ಉತ್ತರ ಅಮೆರಿಕದ ಬ್ರಿಟಿಷ್ ವಸಾಹತಾಗಿದ್ದ ಮ್ಯಾಸಚೂಸೆಟ್ಸ್‌ನಲ್ಲಿ 1723ರಷ್ಟು ಹಿಂದೆಯೇ ಸೀಸದ ಭಾಗಗಳಿರುವ ಭಟ್ಟಿಯಲ್ಲಿ ರಮ್ ಇಳಿಸುವುದನ್ನು ಕಾನೂನಿನಿಂದ ನಿಷೇಧಿಸಲಾಗಿತ್ತು. ಆದರೂ ಅದೇ ದೇಶದ ದಕ್ಷಿಣ ಭಾಗದಲ್ಲಿ ಹಳೆಯ ವಾಹನಗಳ ರೇಡಿಯೇಟರುಗಳನ್ನೇ ಆವಿ ತಣಿಸಲು ಬಳಸಿ 'ಮೂನ್‌ಶೈನ್' ಇಳಿಸುವ ಪದ್ಧತಿ 20ನೇ ಶತಮಾನದಲ್ಲಿಯೂ ಮುಂದುವರಿಯಿತು. ಅಲಬಾಮಾ ರಾಜ್ಯದಲ್ಲಿ 1990-91ರಲ್ಲಿ ಇಂಥ ಮದ್ಯ ಕುಡಿದವರ ರಕ್ತದಲ್ಲಿ ಅಪಾಯಕಾರಿ ಮಟ್ಟದ ಸೀಸ ಕಂಡುಬಂದುದನ್ನು ಅಲ್ಲಿನ ಆರೋಗ್ಯ ಅಧಿಕಾರಿಗಳು ದಾಖಲಿಸಿದ್ದಾರೆ. ರೇಡಿಯೇಟರಿನ ಬೆಸುಗೆಯಲ್ಲಿ ಸೀಸವಿದ್ದರೆ ಅದರೊಳಗೆ ಉಳಿದ ತಣಿಸುವ ದ್ರವದಲ್ಲಿ ಎಥಿಲೀನ್ ಗ್ಲೈಕಾಲ್ ಎಂಬ ಇನ್ನೊಂದು ವಿಷವಿರುತ್ತದೆ. ಅದು ಮೂತ್ರಪಿಂಡಗಳನ್ನು ನಾಶಮಾಡುತ್ತದೆ.

ಸೀಸ ಒಂದೇ ದಿನದಲ್ಲಿ ಕೊಲ್ಲುವುದಿಲ್ಲ. ಎಲುಬುಗಳಲ್ಲಿ ಕೂತು ವರ್ಷಗಟ್ಟಲೆ ಉಳಿಯುತ್ತದೆ. ರಕ್ತಹೀನತೆ, ಹೊಟ್ಟೆ ಹಿಂಡುವ ನೋವು, ಮಣಿಕಟ್ಟು ಜೋತುಬೀಳುವಿಕೆ, ಅಧಿಕ ರಕ್ತದೊತ್ತಡ, ಮೂತ್ರಪಿಂಡದ ವೈಫಲ್ಯ, ಕೀಲುನೋವು, ಸೆಳವು ಇವೆಲ್ಲ ಅದರ ಲಕ್ಷಣಗಳು. 'ಕುಡಿತದಿಂದ ಆರೋಗ್ಯ ಕೆಟ್ಟಿತು' ಎಂಬ ಸಾಮಾನ್ಯ ಮಾತಿನೊಳಗೆ ಸೀಸದ ಪಾಲು ಎಷ್ಟೋ ಸಲ ಮರೆಯಾಗಿಬಿಡುತ್ತದೆ. ದೇಹಕ್ಕೆ ಸುರಕ್ಷಿತವೆನ್ನಬಹುದಾದ ಸೀಸದ ಮಟ್ಟ ಎಂಬುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ತಾಮ್ರದ ಪಾತ್ರೆಯನ್ನು ಸರಿಯಾಗಿ ಶುಚಿಗೊಳಿಸದಿದ್ದರೆ ಹಸಿರು ಕಿಲುಬು ಮದ್ಯಕ್ಕೆ ಇಳಿಯುತ್ತದೆ. ಸತುವಿನ ಲೇಪವಿರುವ ಡ್ರಮ್ಮುಗಳಿಂದ ಸತು ಕರಗುತ್ತದೆ. ಎರಡೂ ವಾಂತಿ, ಹೊಟ್ಟೆನೋವಿಗೆ ಕಾರಣ. ಕೀಟನಾಶಕ ಅಥವಾ ಬಣ್ಣ ತುಂಬಿದ್ದ ಕ್ಯಾನುಗಳನ್ನು ತೊಳೆದು ಬಳಸಿದಲ್ಲಿ ಅವುಗಳ ಅಂಶವೂ ಮದ್ಯಕ್ಕೆ ಸೇರುತ್ತದೆ.

ಕೊಳೆಗೆ ಬೀಳುವ ವಸ್ತುಗಳು

ಕೊಳೆಗೆ ನವಸಾಗರ ಹಾಕುವುದು ಕಳ್ಳಭಟ್ಟಿಯವರಲ್ಲಿ ಹಳೆಯ ರೂಢಿ. ಇದರ ರಾಸಾಯನಿಕ ಹೆಸರು ಅಮೋನಿಯಂ ಕ್ಲೋರೈಡ್. ಹುದುಗು ಬೇಗ ಬರಲೆಂದು ಯೂರಿಯಾ ಗೊಬ್ಬರ, 'ಕಿಕ್' ಹೆಚ್ಚಲೆಂದು ಹಳೆಯ ಬ್ಯಾಟರಿ ಸೆಲ್ಲಿನ ಪುಡಿ ಸೇರಿಸುವುದೂ ಉಂಟು. ಇವುಗಳಿಂದ ಆಲ್ಕೋಹಾಲಿನ ಶಕ್ತಿ ಹೆಚ್ಚುವುದಿಲ್ಲ. ಗಂಟಲು ಸುಡುವುದನ್ನೇ ಕುಡಿಯುವವರು 'ಸ್ಟ್ರಾಂಗ್' ಎಂದು ಭ್ರಮಿಸುತ್ತಾರೆ, ಅಷ್ಟೆ. ಹಳೆಯ ಬ್ಯಾಟರಿಗಳ ಮೂಲಕ ಭಾರಲೋಹಗಳು ಮಾತ್ರ ಖಚಿತವಾಗಿ ಒಳಸೇರುತ್ತವೆ.

ಭಟ್ಟಿ ಇಳಿಸದ ಸೇಂದಿಯೂ ಈ ಪಿಡುಗಿನಿಂದ ಹೊರತಲ್ಲ. ತೆಲಂಗಾಣದಲ್ಲಿ ಮತ್ತು ಅದಕ್ಕೆ ಹೊಂದಿಕೊಂಡ ರಾಯಚೂರು ಭಾಗದಲ್ಲಿ 'ಸಿ.ಎಚ್. ಪೌಡರ್' ಎಂದೇ ಕರೆಯುವ ಕ್ಲೋರಲ್ ಹೈಡ್ರೇಟ್ ಬೆರೆಸಿದ ಕಲಬೆರಕೆ ಸೇಂದಿಯ ಪ್ರಕರಣಗಳು ಪದೇಪದೇ ಪತ್ತೆಯಾಗಿವೆ. ಡಯಾಜೆಪಾಮ್, ಅಲ್ಪ್ರಜೋಲಾಮ್‌ನಂಥ ನಿದ್ರಾಜನಕಗಳನ್ನೂ ಬೆರೆಸುತ್ತಾರೆ. ಇಲ್ಲಿ ಅಪಾಯ ಎರಡು ಬಗೆಯದು. ಹೆಚ್ಚಾದರೆ ಉಸಿರಾಟ ನಿಲ್ಲಬಹುದು. ಚಟ ಹತ್ತಿದವರಿಗೆ ಅದು ಇದ್ದಕ್ಕಿದ್ದಂತೆ ಸಿಗದೆ ಹೋದರೆ ಸೆಳವು, ಭ್ರಮೆ, ಚಿತ್ತವಿಕಾರ ಕಾಣಿಸಿಕೊಳ್ಳಬಹುದು.

ನಿಧಾನವಾಗಿ ಕ್ಯಾನ್ಸರಿಗೆ ದಾರಿಮಾಡುವ ವಸ್ತುಗಳೂ ಇವೆ. ಭಟ್ಟಿಯ ಮೊದಲ ಹನಿಗಳಲ್ಲಿ ಹೆಚ್ಚಾಗಿರುವ ಅಸಿಟಾಲ್ಡಿಹೈಡ್ ಇಂಥದ್ದೊಂದು. ಪ್ಲಮ್, ಚೆರ್ರಿಯಂಥ ಓಟೆಯುಳ್ಳ ಹಣ್ಣುಗಳ ಮದ್ಯದಲ್ಲಿ ಈಥೈಲ್ ಕಾರ್ಬಮೇಟ್ ಉಂಟಾಗುತ್ತದೆ. ಮಾನವರಲ್ಲಿ ಇದು ಬಹುಶಃ ಕ್ಯಾನ್ಸರ್‌ಕಾರಕ ಎಂದು 2007ರಲ್ಲಿ ವರ್ಗೀಕರಿಸಲಾಯಿತು. ಕೆನಡಾ 1985ರಲ್ಲಿಯೇ ಇದಕ್ಕೆ ಮಿತಿ ನಿಗದಿಪಡಿಸಿತ್ತು. ನೋಂದಾಯಿತ ಕಾರ್ಖಾನೆಗಳು ಇವುಗಳನ್ನು ಪ್ರಯೋಗಾಲಯದಲ್ಲಿ ಅಳೆದು ನಿಯಂತ್ರಿಸಬಲ್ಲವು. ಕಾಡಿನಂಚಿನ ಮಡಕೆಗೆ ಆ ಅನುಕೂಲವಿಲ್ಲ.

ಪರೀಕ್ಷೆಯ ಹೆಸರಿನ ಮೂಢನಂಬಿಕೆಗಳು

ಬೆಂಕಿ ಹಚ್ಚಿ ನೋಡಿ ಮದ್ಯ ಶುದ್ಧವೋ ಅಲ್ಲವೋ ಹೇಳಬಹುದು ಎಂಬ ನಂಬಿಕೆ ಜಗತ್ತಿನ ಎಲ್ಲೆಡೆ ಇದೆ. ಇದು ತಪ್ಪು. ಎಥನಾಲಿನ ಜ್ವಾಲೆಯೂ ನೀಲಿ, ಮೆಥನಾಲಿನದು ಮಂದ ನೀಲಿ. ಎರಡೂ ಬೆರೆತಾಗ ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು. ಚೆನ್ನಾಗಿ ಹೊತ್ತಿ ಉರಿದರೆ 'ಒಳ್ಳೆಯ ಮಾಲು' ಎಂಬ ಮಾತಂತೂ ಅಪಾಯಕಾರಿ. ಮೆಥನಾಲ್ ಕೂಡ ಅಷ್ಟೇ ಚೆನ್ನಾಗಿ ಉರಿಯುತ್ತದೆ.

'ಮೊದಲು ಇಳಿದ ಹನಿ ಚೆಲ್ಲಿದರೆ ವಿಷ ಹೋಯಿತು' ಎಂಬುದು ಎರಡನೆಯ ನಂಬಿಕೆ. ಮೆಥನಾಲ್ 64.7 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಥನಾಲ್ 78.4 ಡಿಗ್ರಿಯಲ್ಲಿ ಕುದಿಯುವುದು ನಿಜ. ಆದರೆ ಈ ಅಂಕಿಗಳು ಶುದ್ಧ ದ್ರವಗಳಿಗೆ ಸಂಬಂಧಿಸಿದವು. ನೀರಿನೊಂದಿಗೆ ಬೆರೆತಾಗ ಮೆಥನಾಲ್ ಸಾಲಿನಲ್ಲಿ ಮೊದಲು ಹೊರಬಂದು ಮುಗಿಯುವುದಿಲ್ಲ. ಮೊದಲ ಹನಿಯಿಂದ ಕೊನೆಯ ಹನಿಯವರೆಗೂ ಅಲ್ಪಸ್ವಲ್ಪ ಬರುತ್ತಲೇ ಇರುತ್ತದೆ. ಮೊದಲ ಭಾಗ ಚೆಲ್ಲುವುದರಿಂದ ಅಸಿಟಾಲ್ಡಿಹೈಡ್ ಕಡಿಮೆಯಾದೀತು. ಮೆಥನಾಲ್ ಪೂರ್ತಿ ಹೋಗದು. ಮಾರಾಟಗಾರ ಆನಂತರ ಬೆರೆಸಿದ ಮೆಥನಾಲಿಗಂತೂ ಇದು ಅನ್ವಯಿಸುವುದೇ ಇಲ್ಲ.

'ಮಾರುವವನೇ ಕುಡಿದು ತೋರಿಸಿದ' ಎಂಬುದು ಮೂರನೆಯ ಸಮಾಧಾನ. ಲಕ್ಷಣ ಕಾಣಲು ಅರ್ಧ ದಿನಕ್ಕೂ ಹೆಚ್ಚು ಬೇಕಾದ ವಿಷದ ವಿಚಾರದಲ್ಲಿ ಇದು ಯಾವ ಭರವಸೆಯನ್ನೂ ನೀಡದು.

ನಗರದ ಅಡುಗೆಮನೆಯೂ ದೂರವಿಲ್ಲ

ಇದೆಲ್ಲ ಕೊಳೆಗೇರಿಯ, ಹಳ್ಳಿಯ ಸಮಸ್ಯೆ ಎಂದು ನಗರದ ಓದುಗರು ನಿಶ್ಚಿಂತರಾಗುವಂತಿಲ್ಲ. 2020ರ ಮಾರ್ಚ್ ಅಂತ್ಯದಿಂದ ಮೇ 4ರವರೆಗೆ ಲಾಕ್‌ಡೌನ್ ಕಾರಣ ರಾಜ್ಯದಲ್ಲಿ ಮದ್ಯದಂಗಡಿಗಳು ಮುಚ್ಚಿದ್ದವು. ಅದೇ ವರ್ಷ ಆಂಧ್ರಪ್ರದೇಶದ ಪ್ರಕಾಶಂ ಜಿಲ್ಲೆಯ ಕುರಿಚೇಡುವಿನಲ್ಲಿ ಮದ್ಯ ಸಿಗದೆ ಸ್ಯಾನಿಟೈಸರ್ ಕುಡಿದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಮದ್ಯ ಕೊರೊನಾ ತಡೆಯುತ್ತದೆಂಬ ವದಂತಿ ನಂಬಿ ಇರಾನಿನಲ್ಲಿ ನೂರಾರು ಮಂದಿ ಮೆಥನಾಲಿಗೆ ಬಲಿಯಾದರು. 2006ರಲ್ಲಿ ರಷ್ಯಾದಲ್ಲಿ ಸೋಂಕುನಿವಾರಕ ದ್ರವವನ್ನು ಅಗ್ಗದ ಮದ್ಯವೆಂದು ಕುಡಿದ ಸಾವಿರಾರು ಜನ ಕಾಮಾಲೆಯಿಂದ ಆಸ್ಪತ್ರೆ ಸೇರಿದ್ದರು. ಸ್ಯಾನಿಟೈಸರ್, ಸ್ಪಿರಿಟ್, ಥಿನ್ನರ್ ಯಾವುದೂ ಮದ್ಯಕ್ಕೆ ಬದಲಿಯಲ್ಲ.

ಪ್ರವಾಸಿಗರಿಗೂ ಈ ಎಚ್ಚರ ಬೇಕು. 2012ರ ಸೆಪ್ಟೆಂಬರಿನಲ್ಲಿ ಜೆಕ್ ಗಣರಾಜ್ಯದಲ್ಲಿ ಕಲಬೆರಕೆ ಮದ್ಯದಿಂದ ಸಾವುಗಳು ಸಂಭವಿಸಿದಾಗ ಅಲ್ಲಿನ ಸರ್ಕಾರ ಶೇ 20ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಮದ್ಯದ ಮಾರಾಟವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತ್ತು. 2024ರ ನವೆಂಬರಿನಲ್ಲಿ ಲಾವೋಸ್ ದೇಶದ ವಾಂಗ್ ವಿಯೆಂಗ್‌ನಲ್ಲಿ ಆರು ವಿದೇಶಿ ಪ್ರವಾಸಿಗರು ಮೆಥನಾಲ್ ಶಂಕೆಯ ಮದ್ಯಕ್ಕೆ ಬಲಿಯಾದರು.

ಕ್ರಿಸ್‌ಮಸ್ ವೇಳೆಗೆ ಮನೆಗಳಲ್ಲಿ ಮಾಡುವ ದ್ರಾಕ್ಷಿ ವೈನ್ ಕುರಿತು ಹಲವರು ಕೇಳುವುದುಂಟು. ಭಟ್ಟಿ ಇಳಿಸದ ವೈನ್‌ನಲ್ಲಿ ಮೆಥನಾಲ್ ಅತ್ಯಲ್ಪ. ಸೀಸದ ಅಂಶವಿರುವ ಮೆರುಗಿನ ಪಿಂಗಾಣಿ ಜಾಡಿ, ಲೋಹದ ಡ್ರಮ್, ಕೊಳೆತ ಹಣ್ಣು ಇವೇ ಅಲ್ಲಿನ ನಿಜವಾದ ಅಪಾಯ. ಆದರೆ ಅದನ್ನೇ ಕುಕ್ಕರಿಗೆ ಕೊಳವೆ ಸಿಕ್ಕಿಸಿ ಭಟ್ಟಿ ಇಳಿಸಲು ಹೊರಟರೆ ಆಲ್ಕೋಹಾಲ್ ಆವಿಯಿಂದ ಬೆಂಕಿ, ಸ್ಫೋಟದ ಅಪಾಯವಿದೆ. ಪರವಾನಗಿಯಿಲ್ಲದೆ ಭಟ್ಟಿ ಇಳಿಸುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅಪರಾಧವೂ ಹೌದು.

ದೇಶ ಕಂಡ ಕೆಲವು ದುರಂತಗಳು

* 1981, ಜುಲೈ: ಬೆಂಗಳೂರು. 300ಕ್ಕೂ ಹೆಚ್ಚು ಸಾವು.
* 1982, ಸೆಪ್ಟೆಂಬರ್: ಕೇರಳದ ವೈಪೀನ್. ಓಣಂ ಸಂದರ್ಭದಲ್ಲಿ 70ಕ್ಕೂ ಹೆಚ್ಚು ಸಾವು; ಹಲವರಿಗೆ ಅಂಧತ್ವ.
* 1992, ಮೇ: ಒಡಿಶಾದ ಕಟಕ್. 200ಕ್ಕೂ ಹೆಚ್ಚು ಸಾವು.
* 2008, ಮೇ: ಕರ್ನಾಟಕ ಮತ್ತು ತಮಿಳುನಾಡು. 150ಕ್ಕೂ ಹೆಚ್ಚು ಸಾವು.
* 2009, ಜುಲೈ: ಗುಜರಾತಿನ ಅಹಮದಾಬಾದ್. 100ಕ್ಕೂ ಹೆಚ್ಚು ಸಾವು.
* 2011, ಡಿಸೆಂಬರ್: ಪಶ್ಚಿಮ ಬಂಗಾಳದ ದಕ್ಷಿಣ 24 ಪರಗಣ ಜಿಲ್ಲೆ. 150ಕ್ಕೂ ಹೆಚ್ಚು ಸಾವು.
* 2015, ಜೂನ್: ಮುಂಬೈನ ಮಾಲವಣಿ. ಸುಮಾರು 100 ಸಾವು.
* 2019, ಫೆಬ್ರುವರಿ: ಅಸ್ಸಾಮಿನ ಗೋಲಾಘಾಟ್ ಮತ್ತು ಜೋರಹಾಟ್. 150ಕ್ಕೂ ಹೆಚ್ಚು ಸಾವು. ಬಲಿಯಾದವರಲ್ಲಿ ಹೆಚ್ಚಿನವರು ಚಹಾ ತೋಟದ ಕಾರ್ಮಿಕರು.
* 2020, ಜುಲೈ-ಆಗಸ್ಟ್: ಪಂಜಾಬಿನ ತರನ್ ತಾರನ್, ಅಮೃತಸರ, ಗುರುದಾಸಪುರ. 100ಕ್ಕೂ ಹೆಚ್ಚು ಸಾವು.
* 2024, ಜೂನ್: ತಮಿಳುನಾಡಿನ ಕಳ್ಳಕುರಿಚಿ. 60ಕ್ಕೂ ಹೆಚ್ಚು ಸಾವು.

ಸಂಶಯ ಬಂದಾಗ ಮಾಡಬೇಕಾದದ್ದು

* ಮೂಲ ತಿಳಿಯದ ಮದ್ಯ ಕುಡಿದವರಿಗೆ ತಲೆನೋವು, ವಾಂತಿ, ಹೊಟ್ಟೆನೋವು, ಮಂಜುದೃಷ್ಟಿ, ಏದುಸಿರು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬಾರದು. 108ಕ್ಕೆ ಕರೆ ಮಾಡಿ, ಸಾಧ್ಯವಾದಷ್ಟು ಡಯಾಲಿಸಿಸ್ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಬೇಕು.
* ಏನು ಕುಡಿದರು, ಎಷ್ಟು, ಯಾವಾಗ ಎಂಬುದನ್ನು ವೈದ್ಯರಿಗೆ ಮರೆಮಾಚದೆ ಹೇಳಬೇಕು. ಉಳಿದ ಮದ್ಯವಿರುವ ಬಾಟಲಿ ಅಥವಾ ಪ್ಯಾಕೆಟ್ ಇದ್ದರೆ ಕೊಂಡೊಯ್ಯಬೇಕು.
* ಜೊತೆಯಲ್ಲಿ ಕುಡಿದ ಎಲ್ಲರನ್ನೂ ಹುಡುಕಿ ಆಸ್ಪತ್ರೆಗೆ ಕಳುಹಿಸಬೇಕು. ಲಕ್ಷಣವಿಲ್ಲದವರಿಗೇ ಚಿಕಿತ್ಸೆ ಹೆಚ್ಚು ಫಲಕಾರಿ.
* ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ. ಪ್ರಜ್ಞೆ ಮಸುಕಾದವರಲ್ಲಿ ಅದು ಶ್ವಾಸಕೋಶಕ್ಕೆ ಹೋಗಬಹುದು. ಪ್ರಜ್ಞೆ ತಪ್ಪಿದ್ದರೆ ಮಗ್ಗುಲಾಗಿ ಮಲಗಿಸಬೇಕು.
* ಪ್ರತಿವಿಷವೆಂದು ಮನೆಯಲ್ಲೇ ಬ್ರಾಂದಿ ಕುಡಿಸುವುದು ಅಪಾಯ. ಎಥನಾಲ್ ಚಿಕಿತ್ಸೆ ವೈದ್ಯರ ನಿಗಾದಲ್ಲೇ ನಡೆಯಬೇಕು.

ಜಗತ್ತಿನಲ್ಲಿ ಸೇವನೆಯಾಗುವ ಆಲ್ಕೋಹಾಲಿನಲ್ಲಿ ಸುಮಾರು ಕಾಲು ಭಾಗ ಯಾವ ಸರ್ಕಾರದ ಲೆಕ್ಕಕ್ಕೂ ಸಿಗದ ಮದ್ಯ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ವರದಿ ಹೇಳಿತ್ತು. ಲೆಕ್ಕಕ್ಕೆ ಸಿಗದ ಮದ್ಯ ಪರೀಕ್ಷೆಗೂ ಸಿಗುವುದಿಲ್ಲ. ದುರಂತ ನಡೆದಾಗಲೆಲ್ಲ ಭಟ್ಟಿಗಳನ್ನು ಒಡೆದುಹಾಕುವ, ಕೊಳೆ ಚೆಲ್ಲುವ ದೃಶ್ಯಗಳು ಪ್ರಕಟವಾಗುತ್ತವೆ. ಅದು ಅಗತ್ಯವೇ. ಆದರೆ ಸಾಮೂಹಿಕ ಸಾವು ಬರುವ ದಾರಿ ಕಾರ್ಖಾನೆಯ ಗೋದಾಮಿನಿಂದ ಹೊರಟು ದಾಖಲೆ ತಪ್ಪಿಸಿ ಸಾಗುವ ಮೆಥನಾಲ್ ಡ್ರಮ್ಮಿನದು. ಆ ಡ್ರಮ್ಮಿನ ಲೆಕ್ಕ ಹನಿ ಹನಿಗೂ ಇಡುವುದು ಸರ್ಕಾರದ ಹೊಣೆ. ಕಣ್ಣು ಮಂಜಾಯಿತೆಂದು ಹೇಳಿದವನನ್ನು ಮಲಗಲು ಬಿಡದೆ ಆಸ್ಪತ್ರೆಗೆ ಒಯ್ಯುವುದು ಮನೆಯವರ, ನೆರೆಹೊರೆಯವರ ಹೊಣೆ.